ಪಡ್ರೋನೆಯ ಬಿಳಿ ಕೋಟಿನ ಮೇಲೆ ಅರಿಶಿನ

ಲಿಂಕೋಪಿಂಗ್
ಸ್ವೀಡನ್, 16 ಅಕ್ಟೋಬರ್ 2005

ಅಕ್ಕನಿಗೆ ಹಯವದನನ ನಮಸ್ಕಾರ.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಕೊಡಿಸಿದ ಕೆಲಸ ಬಿಟ್ಟು ಕಾರ್ಲ್‌ಸ್ಟಾಡ್‌ನಿಂದ ಇಲ್ಲಿಗೆ ಬಂದ ಮೇಲೆ ನಿನ್ನ ಸಿಟ್ಟು ಇಳಿದಿಲ್ಲವೆಂದು ಗೊತ್ತು. ಅದನ್ನು ಇಳಿಸಲೆಂದು ಬರೆಯುತ್ತಿಲ್ಲ. ನನಗೆ ಹೆದರಿಕೆಯಾಗಿದೆ. ಲ್ಯಾಬಿನಲ್ಲಿ ಮರ, ಕಾಗದ, ಬಣ್ಣಗಳ ಮೇಲೆ ಕೆಲಸ ಮಾಡುವವರಲ್ಲಿ ನನಗೆ ಗೊತ್ತಿರುವವಳು ನೀನೊಬ್ಬಳೇ.

ಹಗಲು ಇಲ್ಲಿನ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ, ಬಿಡುವಿದ್ದಾಗ ಪಿನ್‌ಬಾಲ್ ಯಂತ್ರಗಳ ರಿಪೇರಿ. ನೀನು ನೋಡಿರುತ್ತೀಯ. ಗಾಜಿನ ಕೆಳಗೆ ಇಳಿಜಾರಾದ ಮರದ ಹಲಗೆ, ಅದರ ಮೇಲೊಂದು ಉಕ್ಕಿನ ಗುಂಡು. ಗುಂಡು ಕೆಳಗೆ ಜಾರಿ ಹೋಗದಂತೆ ಎರಡು ಪುಟ್ಟ ರೆಕ್ಕೆಗಳಿಂದ ಮೇಲಕ್ಕೆ ಹೊಡೆಯುತ್ತಿರಬೇಕು. ಮಂಗಳೂರಿನ ಗೆಳೆಯ ಮೆಲ್ರಾಯ್ ಗಿರಾಕಿಗಳನ್ನು ಹುಡುಕಿಕೊಡುತ್ತಾನೆ. ಕಳೆದ ತಿಂಗಳು ಅವನು ಯೋರಾನ್ ಎಂಬುವನನ್ನು ಕರೆತಂದ. ಅರವತ್ತು ದಾಟಿದ ಭಾರೀ ಆಳು. ಒಂದು ಕಾಲದಲ್ಲಿ ಯಾವುದೋ ಬಂದರಿನ ಊರಿನಲ್ಲಿ ಬಾರುಗಳಿಂದ ಮಾಮೂಲು ವಸೂಲಿ ಮಾಡುತ್ತಿದ್ದನಂತೆ. ದನಿ ಏರಿಸುವುದೇ ಇಲ್ಲ. ಅವನು ಮಾತಾಡಿದರೆ ನಾವೇ ಬಗ್ಗಿ ಕೇಳಿಸಿಕೊಳ್ಳಬೇಕು.

ಅವನ ಯಂತ್ರದ ಹೆಸರು ಪಡ್ರೋನೆ. ಹಾಗೆಂದರೆ ಯಜಮಾನ. ಆಡುವವನು ಬೀದಿ ರೌಡಿಯಾಗಿ ಶುರು ಮಾಡಿ, ಬ್ಯಾಂಕು ದೋಚಿ, ಜಡ್ಜನ್ನು ಕೊಂಡು, ಕೊನೆಗೆ ಯಜಮಾನನ ಕುರ್ಚಿಗೇ ಏರಬೇಕು. ಹಲಗೆಯ ನಡುವೆ ಬಿಳಿ ಕೋಟು ತೊಟ್ಟ ಗ್ಯಾಂಗ್‌ಸ್ಟರ್‌ನ ದೊಡ್ಡ ಚಿತ್ರವಿದೆ. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಾನೆ. ಗುಂಡು ಕೈತಪ್ಪಿದಾಗಲೆಲ್ಲ ಒಳಗಿನಿಂದ ಒಡಕು ದನಿಯೊಂದು ಇಂಗ್ಲಿಷಿನಲ್ಲಿ, "ನಾನು ನೋಡಿದೆ," ಎನ್ನುತ್ತದೆ.

ಇಂಥವು ಜಗತ್ತಿನಲ್ಲಿ ಹತ್ತು ಕೂಡ ಇಲ್ಲ. ಶಿಕಾಗೋದ ಒಂದು ಕಂಪನಿ ತೊಂಬತ್ತರ ದಶಕದಲ್ಲಿ ಮಾದರಿಗೆಂದು ಕೆಲವನ್ನು ಕೈಯಲ್ಲೇ ಜೋಡಿಸಿತ್ತು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಿ ಶುರುವಾಗುವ ವಾರವೇ ಕಂಪನಿ ಮುಚ್ಚಿತು. ಮೊದಲು ಬಾಗಿಲು ಹಾಕಿದ್ದು ವಾರ್ನಿಷ್ ವಿಭಾಗ. ಹಾಗಾಗಿ ಈ ಹಲಗೆಗಳಿಗೆ ಕೊನೆಯ ಗಟ್ಟಿ ವಾರ್ನಿಷ್ ಬೀಳಲೇ ಇಲ್ಲ, ಬಣ್ಣದ ಕೆಳಗೆ ಮರ ಬರಿದಾಗಿಯೇ ಉಳಿಯಿತು. ಇದನ್ನು ಯೋರಾನನೇ ಹೇಳಿದ. ಈ ಯಂತ್ರವನ್ನು ಮೊದಲು ಕೊಂಡವನ ಗೋದಾಮು ಸುಟ್ಟುಹೋಯಿತು, ಎರಡನೆಯವನ ಕಾರು ಕೆರೆಯಲ್ಲಿ ಸಿಕ್ಕಿತು ಎಂದೂ ಹೇಳಿದ. ಊಟದ ವಿಷಯ ಹೇಳುವ ಹಾಗೆ ಹೇಳಿದ. "ಇದಕ್ಕೆ ಒಂದು ಗೀರು ಬಿದ್ರೂ ನಾವಿಬ್ರೂ ಕೂತು ಮಾತಾಡಬೇಕಾಗತ್ತೆ," ಎಂದು ತನ್ನ ಮುಚ್ಚಿದ ಅಂಗಡಿಯ ನೆಲಮಾಳಿಗೆಯ ಕೀಲಿ ಕೊಟ್ಟು, ಚಳಿಗಾಲ ಕಳೆಯಲು ಸ್ಪೇನ್‌ಗೆ ಹೊರಟ.

ಈಗ ನನ್ನ ಕೆಲಸ ಕೇಳು. ಮೊನ್ನೆ ಆಯುಧಪೂಜೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಯಲ್ಲಿ ಅಪ್ಪ ರಿಪೇರಿಗೆ ಬಂದ ಪ್ರತಿಯೊಂದು ರೇಡಿಯೋಗೂ ಅರಿಶಿನ ಇಡುತ್ತಿದ್ದುದು ನಿನಗೆ ನೆನಪಿದೆ. "ಯಂತ್ರದ ಎದೆಗೆ ಇಡ್ಬೇಕಪ್ಪಾ, ಮೂಲೇಗಲ್ಲ," ಎನ್ನುತ್ತಿದ್ದರು. ಗಾಜು ತೆಗೆದಿಟ್ಟಿದ್ದೆ. ಅರಿಶಿನ ಕಲಸಿ, ಮೂರು ಬೆರಳಲ್ಲಿ ಪಡ್ರೋನೆಯ ಎದೆಗೆ ಎಳೆದೆ. ಯೋಚನೆಯೇ ಮಾಡಲಿಲ್ಲ ಅಕ್ಕ, ಕೈ ತಾನಾಗಿ ಹೋಯಿತು. ಮರುದಿನ ಒರೆಸಿದರೆ ಬರಲಿಲ್ಲ, ಮರದೊಳಕ್ಕೆ ಇಳಿದಿತ್ತು. ಗಾಬರಿಯಲ್ಲಿ ಸೋಪಿನ ನೀರು ಹಾಕಿದೆ. ಕಣ್ಣೆದುರೇ ಹಳದಿಯೆಲ್ಲ ಕೆಂಪಾಯಿತು. ಈಗ ಆ ಬಿಳಿ ಕೋಟಿನವನ ಎದೆಗೆ ಗುಂಡು ತಗುಲಿದಂತಿದೆ.

ಪೊಲೀಸರ ಹತ್ತಿರ ಹೋಗುವಂತಿಲ್ಲ. ನನ್ನ ವರ್ಕ್ ಪರ್ಮಿಟ್‌ನಲ್ಲಿ ಈ ರಿಪೇರಿ ಕೆಲಸ ಇಲ್ಲ. ಏನು ಮಾಡಲಿ, ಹೇಳು.

ನಿನ್ನ ತಮ್ಮ,
ಹಯವದನ

ಕಾರ್ಲ್‌ಸ್ಟಾಡ್
24 ಅಕ್ಟೋಬರ್ 2005

ಹಯವದನ,

ನೆನಪಾದದ್ದು ಹೆದರಿಕೆಗೆ, ಅಕ್ಕನಿಗಲ್ಲ. ಇರಲಿ.

ಅರಿಶಿನಕ್ಕೆ ಸೋಪು ಹಾಕಿದರೆ ಕೆಂಪಾಗುತ್ತದೆಂದು ಆರತಿಯ ಓಕುಳಿ ಕಲಸುವ ಚಿಕ್ಕ ಹುಡುಗಿಗೂ ಗೊತ್ತು. ಸುಣ್ಣದ ನೀರಿಗೂ ಸೋಪಿನ ನೀರಿಗೂ ಈ ವಿಷಯದಲ್ಲಿ ಭೇದವಿಲ್ಲ. ನೀನು ಇಂಜಿನಿಯರ್. ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಹತ್ತಿಯ ತುದಿ ಅದ್ದಿ ಮೆಲ್ಲಗೆ ಒತ್ತು. ಕೆಂಪು ಹೋಗಿ ಹಳದಿ ಬರುತ್ತದೆ. ಆಮೇಲೆ ಮುಟ್ಟಬೇಡ. ಬ್ಲೀಚು, ಸ್ಪಿರಿಟ್ಟು ಅಂತ ಹೊರಟೆಯೋ, ಅರಿಶಿನದ ಜೊತೆ ಚಿತ್ರವೂ ಬರುತ್ತದೆ.

ಹಳದಿಗೆ ಮದ್ದು ಒಂದೇ. ಸಾರು ಚೆಲ್ಲಿದ ಪಂಚೆಯನ್ನು ಅಮ್ಮ ಏನು ಮಾಡುತ್ತಿದ್ದಳು? ಒಗೆದು ಬಿಸಿಲಿಗೆ ಹಾಕುತ್ತಿದ್ದಳು. ಸಂಜೆಗೆ ಕಲೆ ಇರುತ್ತಿರಲಿಲ್ಲ. ಅರಿಶಿನ ಬಿಸಿಲನ್ನು ತಡೆಯುವುದಿಲ್ಲ. ಅಮ್ಮನಿಗೆ ಮೈಸೂರಿನ ಬಿಸಿಲಿತ್ತು, ನಿನಗೆ ಲಿಂಕೋಪಿಂಗ್‌ನ ಅಕ್ಟೋಬರ್ ಇದೆ. ಫೆಬ್ರವರಿಯವರೆಗೆ ಕಾಯಬೇಕು.

ಭಾವನಿಗೆ ಹೇಳಿಲ್ಲ.

ಮಾಲತಿ

ಲಿಂಕೋಪಿಂಗ್
20 ನವೆಂಬರ್ 2005

ಅಕ್ಕ,

ನಿಂಬೆರಸ ಕೆಲಸ ಮಾಡಿತು. ಈಗ ಹಳದಿ, ಮೂರು ಬೆರಳಿನ ಗುರುತೂ ಹಾಗೇ ಇದೆ. ಬೈದು ಬರೆದೆಯಲ್ಲ, ಅದಕ್ಕೆ ಸಂತೋಷವಾಯಿತು. ಬೈಗುಳವನ್ನು ಎರಡು ಸಲ ಓದಿದೆ.

ಬೇರೊಂದು ವಿಷಯವಿದೆ. ನೆಲಮಾಳಿಗೆಗೆ ಯಾರೋ ಬರುತ್ತಿದ್ದಾರೆ.

ಮೊದಲು ನನ್ನದೇ ಮರೆವು ಎಂದುಕೊಂಡೆ. ನಾನು ಕೂರುವ ಮುಕ್ಕಾಲಿಯನ್ನು ಯಾವಾಗಲೂ ಬೆಂಚಿನ ಕೆಳಗೆ ತಳ್ಳಿ ಬರುತ್ತೇನೆ. ಮಂಗಳವಾರ ಹೋದಾಗ ಅದು ಯಂತ್ರದ ಮುಂದೆ ಇತ್ತು. ಸರಿಸಿಟ್ಟೆ. ಶುಕ್ರವಾರ ಮತ್ತೆ ಅಲ್ಲೇ. ಇಲ್ಲಿಯವರು ತುಟಿಯೊಳಗೆ ಇಟ್ಟುಕೊಳ್ಳುವ ತಂಬಾಕಿನ ಪುಟ್ಟ ಪೊಟ್ಟಣವೊಂದು, ಉಗಿದದ್ದು, ಇನ್ನೂ ಹಸಿಯಾಗಿಯೇ ಬೆಂಚಿನ ಅಂಚಿನಲ್ಲಿತ್ತು. ಬೀಗ ಒಡೆದಿಲ್ಲ. ಉಪಕರಣ ಯಾವುದೂ ಕಳುವಾಗಿಲ್ಲ. ಕದಿಯಲು ಬಂದವನಾದರೆ ಕದಿಯುತ್ತಿದ್ದ. ಇವನು ಬಂದು ಆ ಚಿತ್ರದ ಮುಂದೆ ಸುಮ್ಮನೆ ಕೂತು ಹೋಗುತ್ತಿದ್ದಾನೆ.

ಯೋರಾನನಿಗೆ ವೈರಿಗಳಿರಬಹುದು. ಅಥವಾ ನನ್ನನ್ನು ಕಾಯಲು ಅವನೇ ಆಳು ಇಟ್ಟಿರಬಹುದು. ಯಾರೇ ಆಗಲಿ, ಕಲೆ ನೋಡಿಯಾಗಿದೆ. ಸ್ಪೇನ್‌ಗೆ ಒಂದು ಫೋನ್ ಹೋದರೆ ನನ್ನ ಕಥೆ ಮುಗಿಯಿತು.

ಹಯವದನ

ಲಿಂಕೋಪಿಂಗ್
11 ಡಿಸೆಂಬರ್ 2005

ಅಕ್ಕ,

ನಿನ್ನ ಉತ್ತರ ಬಂದಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಹೇಳಲಿ?

ನಿನ್ನೆ ಮಧ್ಯಾಹ್ನ ಹೋಗಿದ್ದೆ. ಇಲ್ಲಿ ಮೂರೂವರೆಗೇ ಕತ್ತಲು ಕವಿಯುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಮೆಟ್ಟಿಲು ಅರ್ಧ ಇಳಿದಿದ್ದೆ. ಬಾಗಿಲ ಆಚೆಯಿಂದ ಗುಂಡು ಉರುಳುವ ಸದ್ದು, ರೆಕ್ಕೆಗಳ ಟಪಟಪ. ಆಮೇಲೆ ಆ ಒಡಕು ದನಿ: "ನಾನು ನೋಡಿದೆ."

ಯಾರೋ ಆಡುತ್ತಿದ್ದರು. ನಾನು ಅಲ್ಲಾಡದೆ ನಿಂತೆ. ಆಟ ನಿಂತಿತು. ಬಾಗಿಲ ಹತ್ತಿರಕ್ಕೆ ಹೆಜ್ಜೆ ಸದ್ದು ಬಂತು, ಅದೂ ನಿಂತಿತು. ಹಲಗೆಯೊಂದರ ಆಚೆ ಅವನು, ಈಚೆ ನಾನು. ಅವನ ಉಸಿರು ಕೇಳಿಸಿತು ಅಕ್ಕ, ಮುದುಕರ ಉಸಿರಿನ ಹಾಗೆ ಎಳೆದೆಳೆದು ಬರುತ್ತಿತ್ತು. ನನ್ನದೂ ಅವನಿಗೆ ಕೇಳಿಸಿರಬೇಕು. ಓಡಿ ಬಂದೆ. ಸೈಕಲ್ಲು ಅಲ್ಲೇ ಬಿಟ್ಟು ಸಿಕ್ಕ ಬಸ್ಸು ಹತ್ತಿದೆ.

ಮೆಲ್ರಾಯ್‌ಗೆ ಹೇಳಿದರೆ, "ನೀ ಕೆಲಸ ಮಾಡು ಮಾರಾಯಾ, ಉಳಿದದ್ದು ಯಾಕೆ ನಿಂಗೆ," ಎಂದು ಮಾತು ತಿರುಗಿಸಿದ. ಅವನ ಮುಖ ಸರಿಯಿರಲಿಲ್ಲ. ಅವನಿಗೆ ಏನೋ ಗೊತ್ತಿದೆ.

ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಬಿಳಿ ಕೋಟು.

ಹಯವದನ

ಕಾರ್ಲ್‌ಸ್ಟಾಡ್
15 ಡಿಸೆಂಬರ್ 2005

ಚಿ. ಹಯವದನನಿಗೆ ಆಶೀರ್ವಾದಗಳು.

ಉತ್ತರ ಬರೆಯಲಿಲ್ಲವೆಂದರೆ ಕೈಕಟ್ಟಿ ಕೂತಿದ್ದೆ ಎಂದು ತಿಳಿಯಬೇಡ. ಲ್ಯಾಬಿನಲ್ಲಿ ಮೇಪಲ್ ಮರದ ತುಂಡುಗಳಿಗೆ ಅರಿಶಿನ ಹಚ್ಚಿ, ಬಿಸಿಲಿನಂಥ ಬೆಳಕು ಕೊಡುವ ದೀಪದ ಕೆಳಗೆ ಇಟ್ಟಿದ್ದೇನೆ. ಜೊತೆಯವಳು ಬಂದು ಮೂಸಿ, ಇದು ಸಂಶೋಧನೆಯೋ ಅಡುಗೆಯೋ ಎಂದು ಕೇಳಿದಳು. ಕಲೆ ಹೋಗುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಆದರೆ ಆ ದೀಪ ನಿನಗೆ ಕಳಿಸಲಾಗುವುದಿಲ್ಲ, ಅದು ಸಂಸ್ಥೆಯದು.

ನಿನ್ನ ಹಿಂದಿನ ಪತ್ರವನ್ನು ಬಸ್ಸಿನಲ್ಲಿ ಓದಿದೆ, ಇಳಿಯುವ ಸ್ಟಾಪು ತಪ್ಪಿತು. ನನಗೂ ಭಯವಾಗಿದೆ, ಸುಳ್ಳು ಯಾಕೆ ಹೇಳಲಿ? ಕೀಲಿಯನ್ನು ಆ ಮೆಲ್ರಾಯ್ ಮುಖಕ್ಕೆ ಎಸೆದು ಇಲ್ಲಿಗೆ ಬಾ ಎಂದು ಮೊದಲು ಬರೆದಿದ್ದೆ, ಹರಿದೆ. ಬಿಟ್ಟು ಓಡಿದರೆ ಆ ಯೋರಾನ್ ಹುಡುಕಿಕೊಂಡು ಬಂದೇ ಬರುತ್ತಾನೆ. ಕಲೆ ತೆಗೆದು, ಯಂತ್ರ ಒಪ್ಪಿಸಿ, ನಮಸ್ಕಾರ ಹೇಳಿ ಬರುವುದೇ ದಾರಿ.

ಕ್ರಿಸ್ಮಸ್ ರಜೆಗೆ ಇಲ್ಲಿಗೆ ಬಾ. ಭಾವನಿಗೆ ಹೇಳಿದ್ದೇನೆ. ಅವರು ಪೇಪರಿನಿಂದ ಮುಖ ಎತ್ತದೆ, "ಬರಲಿ, ಅವನಿಗೆ ಯಾರು ಬೇಡ ಅಂದ್ರು?" ಎಂದರು. ಮಗಳು ನಿನ್ನನ್ನು ಸ್ವೀಡಿಷ್‌ನಲ್ಲಿ ಮಾತಾಡಿಸುತ್ತಾಳೆ, ನೀನು ಕನ್ನಡದಲ್ಲೇ ಉತ್ತರ ಕೊಡಬೇಕು.

ನಿನ್ನ ಅಕ್ಕ,
ಮಾಲತಿ

ಲಿಂಕೋಪಿಂಗ್
12 ಫೆಬ್ರವರಿ 2006

ಅಕ್ಕ,

ನಿಮ್ಮ ಮನೆಯ ಹುಳಿಯ ರುಚಿ ಇನ್ನೂ ನಾಲಿಗೆಯಲ್ಲಿದೆ. ಭಾವ ಸ್ಟೇಷನ್ನಿಗೆ ಬಂದು, ನನ್ನ ಚೀಲ ತಾವೇ ಎತ್ತಿಕೊಟ್ಟು, ಮಾತಾಡದೆ ಹೋದರಲ್ಲ, ರೈಲಿನಲ್ಲಿ ಅದನ್ನೇ ನೆನೆಸಿಕೊಂಡು ಬಂದೆ.

ಬಿಸಿಲು ಬಂದಿದೆ. ನೀನು ಬರೆದುಕೊಟ್ಟ ಹಾಗೇ ಮಾಡುತ್ತಿದ್ದೇನೆ. ಹಲಗೆ ಪೂರ್ತಿ ಅಡುಗೆಮನೆಯ ಬೆಳ್ಳಿ ಕಾಗದ ಹೊದಿಸಿ, ಕಲೆ ಇರುವಲ್ಲಿ ಮಾತ್ರ ತೂತು ಮಾಡಿದ್ದೇನೆ. ದಕ್ಷಿಣದ ಗೋಡೆಯ ಮೇಲ್ತುದಿಯಲ್ಲಿ ಒಂದು ಪುಟ್ಟ ಕಿಟಕಿಯಿದೆ. ಅದನ್ನು ತೆರೆದು, ಒಳಬಂದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ತೂತಿನೊಳಕ್ಕೆ ಬಿಡುತ್ತೇನೆ. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಕೋಟು, ಟೋಪಿ, ಕೈಗವಸು ಹಾಕಿಕೊಂಡು ಮೈನಸ್ ಎಂಟರಲ್ಲಿ ಅರಿಶಿನಕ್ಕೆ ಬಿಸಿಲು ಕಾಯಿಸುವ ಕನ್ನಡಿಗ ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಮನೆಗೆ ಹೊರಡುವಾಗ ಎಲ್ಲದರ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ ಬರುತ್ತೇನೆ.

ಅವನು ಈಗಲೂ ಬರುತ್ತಾನೆ. ಮುಕ್ಕಾಲಿ ಸರಿದಿರುತ್ತದೆ. ಆದರೆ ಹೊದಿಕೆಯನ್ನು ಒಮ್ಮೆಯೂ ಎತ್ತಿಲ್ಲ. ಗೊತ್ತಾಗಲೆಂದು ಅಂಚಿನಲ್ಲಿ ನೂಲಿನೆಳೆ ಇಟ್ಟು ನೋಡಿದೆ, ಅದು ಹಾಗೇ ಇತ್ತು. ಮುಚ್ಚಿದ ಯಂತ್ರದ ಮುಂದೆ ಕೂತು ಏನು ನೋಡುತ್ತಾನೆ? ಆಟವಾಡುತ್ತಿದ್ದಾಗಲೇ ಇಷ್ಟು ಭಯವಿರಲಿಲ್ಲ.

ಒಂದು ದಿನದ ಮಟ್ಟಿಗಾದರೂ ಬರುತ್ತೀಯಾ?

ಹಯವದನ

ಕಾರ್ಲ್‌ಸ್ಟಾಡ್
7 ಮಾರ್ಚ್ 2006

ಚಿ. ಹಯವದನನಿಗೆ,

ಕ್ಷೇಮವಾಗಿ ತಲುಪಿದೆ. ದಾರಿಯುದ್ದಕ್ಕೂ ಕನ್ನಡಿ ಹಿಡಿದ ಕೈ ನೋಯುತ್ತಿತ್ತು.

ಕೊನೆಗೆ ಬೆಳ್ಳಿ ಕಾಗದ ಎತ್ತಿದಾಗ ಆ ಕೋಟು ಅಷ್ಟು ಬೆಳ್ಳಗಿತ್ತಲ್ಲ. ಕಲೆ ಎಲ್ಲಿತ್ತೆಂದು ನೀನೇ ಬೆರಳಿಟ್ಟು ಹುಡುಕಿದೆ. ಅಮ್ಮ ಇದ್ದಿದ್ದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೂ ನಗು ಬಂದಿತ್ತು, ಬಾಗಿಲ ಬಳಿ ಆ ಬೂಟಿನ ಒದ್ದೆ ಗುರುತು ಕಾಣುವ ತನಕ. ನಿನಗೆ ಆಗ ಹೇಳಲಿಲ್ಲ. ಗುರುತು ಹೊರಗಿನಿಂದ ಬಂದಿರಲಿಲ್ಲ, ಮೇಲಿನ ಅಂಗಡಿಯಿಂದ ಬರುವ ಒಳಗಿನ ಮೆಟ್ಟಿಲಿನಿಂದ ಇಳಿದಿತ್ತು. ಮೇಲಿನ ಅಂಗಡಿ ಖಾಲಿ ಎಂದಿದ್ದೆಯಲ್ಲ? ಖಾಲಿ ಇಲ್ಲ ಹಯವದನ. ಮೇಲೆ ಯಾರೋ ವಾಸವಾಗಿದ್ದಾರೆ. ನಾವು ಇಬ್ಬರೂ ನಗುವಾಗ ತಲೆಯ ಮೇಲೆ ಅವರಿದ್ದರು.

ಬೇಗ ಗಾಜು ಕೂರಿಸಿ ಕೆಲಸ ಮುಗಿಸು. ಮೆಲ್ರಾಯ್‌ಗೆ ಹೇಳಿ ಯಂತ್ರ ಒಪ್ಪಿಸಿಬಿಡು. ಯುಗಾದಿಗೆ ನೀನು ಇಲ್ಲಿರಬೇಕು.

ನಿನ್ನ ಅಡುಗೆಮನೆಯ ಕಪಾಟಿನಲ್ಲಿ ಅರಿಶಿನದ ಡಬ್ಬಿ ಇಟ್ಟು ಬಂದಿದ್ದೇನೆ, ಊರಿಂದ ಬಂದದ್ದು. ಸಾರಿಗೆ ಹಾಕು. ಬೇರೆ ಯಾವುದಕ್ಕೂ ಬೇಡ.

ಮಾಲತಿ

ಲಿಂಕೋಪಿಂಗ್
2 ಏಪ್ರಿಲ್ 2006

ಅಕ್ಕ,

ಯುಗಾದಿಗೆ ಬರಲಾಗಲಿಲ್ಲ. ಯಾಕೆಂದು ಫೋನಿನಲ್ಲಿ ಹೇಳುವ ಧೈರ್ಯವಿರಲಿಲ್ಲ, ಈ ಕೋಣೆಯಲ್ಲಿ ಜೋರಾಗಿ ಮಾತಾಡುವುದಕ್ಕೂ ಈಗ ಹಿಂಜರಿಕೆ.

ಹಬ್ಬದ ಹಿಂದಿನ ದಿನ ಯಂತ್ರ ಒಪ್ಪಿಸಲೆಂದು ಹೋದೆ. ಮೆಲ್ರಾಯ್ ಬರುತ್ತೇನೆಂದವನು ಬರಲಿಲ್ಲ. ಬಾಗಿಲು ತೆರೆದರೆ ಮುಕ್ಕಾಲಿಯ ಮೇಲೆ ಯೋರಾನ್ ಕೂತಿದ್ದ. ಸ್ಪೇನ್‌ಗೆ ಹೋದವನ ಮುಖಕ್ಕೆ ಬಿಸಿಲು ಸೋಕಿರಲಿಲ್ಲ, ಬಿಳಿಚಿತ್ತು. ಅವನ ಉಸಿರು ಕೇಳಿದೆ. ಡಿಸೆಂಬರಿನಲ್ಲಿ ಬಾಗಿಲ ಆಚೆ ಕೇಳಿದ್ದ ಅದೇ ಉಸಿರು. ಮೇಲಿದ್ದವನು ಅವನೇ.

"ತೆಗಿ," ಎಂದ. ಹೊದಿಕೆ ತೆಗೆದೆ. ಯಂತ್ರದ ಸ್ವಿಚ್ ಹಾಕಿದೆ. ಪ್ರತಿಯೊಂದು ಬಲ್ಬು ಹತ್ತಿತು. ಇಷ್ಟು ಚೆನ್ನಾಗಿ ಯಾವ ಯಂತ್ರವನ್ನೂ ನಾನು ರಿಪೇರಿ ಮಾಡಿಲ್ಲ ಅಕ್ಕ. ಅವನು ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ನಾವು ಗೆದ್ದೆವು ಎಂದುಕೊಂಡೆ.

"ಎಲ್ಲಿ ಅದು?"

"ಯಾವುದು?"

"ಹಳದಿ. ಮೂರು ಬೆರಳು."

ತಪ್ಪಾಯಿತು, ನಮ್ಮ ಹಬ್ಬವಿತ್ತು, ಕೈತಪ್ಪಿ ಇಟ್ಟೆ, ಬಿಸಿಲು ಹಿಡಿದು ತೆಗೆದಿದ್ದೇನೆ, ಮರಕ್ಕೆ ಏನೂ ಆಗಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಮುಕ್ಕಾಲಿಗೆ ಕುಸಿದು ಕೂತ. ಸಿಟ್ಟಾಗಿದ್ದರೇ ಚೆನ್ನಾಗಿತ್ತು.

ಆಮೇಲೆ ಅವನು ಹೇಳಿದ್ದು ಇದು. ಸ್ಪೇನ್ ಎಂದದ್ದು ಜನರ ಕಣ್ಣಿಗೆ ಮಣ್ಣೆರಚಲು. ಹಳೆಯ ಪರಿಚಯದವರು ಯಾರೋ ಅವನನ್ನು ಹುಡುಕುತ್ತಿದ್ದಾರೆ. ಈ ಯಂತ್ರ ಮನೆಗೆ ಬಂದ ವರ್ಷ ಹೆಂಡತಿ ಸತ್ತಳು, ಮರುವರ್ಷ ಮೀನು ಹಿಡಿಯಲು ಹೋದ ತಮ್ಮ ವಾಪಸು ಬರಲಿಲ್ಲ. ಮಾರೋಣವೆಂದರೆ ಇದರ ಚರಿತ್ರೆ ತಿಳಿದವರು ಕೊಳ್ಳುವುದಿಲ್ಲ, ತಿಳಿಯದವರಿಗೆ ಮಾರಲು ಅವನಿಗೆ ಮನಸ್ಸಿಲ್ಲ. ಅಕ್ಟೋಬರಿನಲ್ಲಿ ಕೆಳಗೆ ಬಂದು ಅರಿಶಿನ ನೋಡಿದ. "ನಿನ್ನ ಕೈ ಮುರಿಯೋಣ ಅಂತಲೇ ಇದ್ದೆ," ಎಂದ. ಮೊದಲು ಮೆಲ್ರಾಯ್‌ನನ್ನು ಕರೆಸಿ ಇದೇನೆಂದು ಕೇಳಿದನಂತೆ. ನಮ್ಮ ಊರ ಕಡೆ ಹಿಂದೂಗಳು ಯಂತ್ರದಿಂದ ಯಾರಿಗೂ ಕೇಡಾಗದಿರಲಿ ಎಂದು ಇಡುತ್ತಾರೆ ಎಂದ ಮೆಲ್ರಾಯ್. ತಾನು ಮೇಲಿರುವ ಸುದ್ದಿಯನ್ನು ನನಗೆ ತಿಳಿಸಕೂಡದೆಂದು ಯೋರಾನ್ ಅವನ ಬಾಯಿಗೆ ಬೀಗ ಹಾಕಿದ.

ಅಂದಿನಿಂದ ದಿನವೂ ಇಳಿದು ಬಂದು ಅದರ ಮುಂದೆ ಕೂರುತ್ತಿದ್ದ. ವರ್ಷಗಳ ಮೇಲೆ ಈ ಚಳಿಗಾಲವೇ ನಿದ್ದೆ ಮಾಡಿದ್ದಂತೆ. ಬೆಡ್‌ಶೀಟ್ ಹೊದಿಸಿದ್ದನ್ನು ನೋಡಿ, ಇದೂ ಪೂಜೆಯ ಒಂದು ಭಾಗವಿರಬೇಕು, ಮುಟ್ಟಬಾರದು ಎಂದುಕೊಂಡನಂತೆ.

"ಯಾವತ್ತು ಹೋಯ್ತು ಅದು?" ಎಂದು ಕೇಳಿದ.

ನೀನು ಬಂದಿದ್ದ ವಾರ ಎಂದೆ. ಮಾರ್ಚ್ ಮೊದಲಲ್ಲಿ.

ಅವನು ಮೆಲ್ಲಗೆ ತಲೆಯಾಡಿಸಿದ. ಅದರ ಮುಂದಿನ ವಾರ ಎದುರು ಬೀದಿಯಲ್ಲಿ ಒಂದು ಕಾರು ಬಂದು ನಿಂತಿತಂತೆ. ಒಳಗೆ ಇಬ್ಬರು. ದಿನಾ ಬರುತ್ತಾರೆ, ಕಿಟಕಿ ನೋಡುತ್ತಾರೆ, ಹೋಗುತ್ತಾರೆ. "ಯಾಕೆ ಬಂದ್ರು ಅಂತ ಈಗ ಗೊತ್ತಾಯ್ತು," ಎಂದ.

ಅಕ್ಕ, ನಾನು ನಿನ್ನ ಹಾಗೆ ಓದಿದವನು. ಅರಿಶಿನಕ್ಕೂ ಕಾರಿಗೂ ಸಂಬಂಧವಿಲ್ಲವೆಂದು ಅವನಿಗೆ ಹೇಳಬೇಕಿತ್ತು. ಹೇಳಲಾಗಲಿಲ್ಲ. ಬರುವಾಗ ಆ ಕಾರನ್ನು ನಾನೂ ನೋಡಿದ್ದೆ.

"ಮತ್ತೆ ಇಡು," ಎಂದ. ಮನೆಗೆ ಹೋಗಿ ನಿನ್ನ ಡಬ್ಬಿ ತಂದೆ. ಗಾಜು ತೆಗೆದೆ. ಅವನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಅಪ್ಪ ಇಡುತ್ತಿದ್ದ ಹಾಗೇ ಎದೆಗೆ ಮೂರು ಬೆರಳು ಎಳೆದೆ. ಒಂದು ಗೆರೆ ಸೊಟ್ಟವಾಯಿತು. ಅದನ್ನು ಅವನು ಬಹಳ ಹೊತ್ತು ನೋಡಿದ. ಹೀಗೆ ಸೊಟ್ಟವಾದರೆ ನಡೆಯುತ್ತದೆಯೇ ಎಂದು ಕೇಳಿದ. ನಡೆಯುತ್ತದೆ ಎಂದೆ. ಈ ಸಲ ಎಷ್ಟು ದಿನ ಇರುತ್ತದೆ ಎಂದು ಕೇಳಿದ. ಬಿಸಿಲು ತಾಗದಿದ್ದರೆ ಇರುತ್ತದೆ ಎಂದುಬಿಟ್ಟೆ. ಅವನು ಆಗಲೇ ಸುತ್ತಿಗೆ ತಂದು, ನಾವು ಕನ್ನಡಿ ಹಿಡಿದ ಆ ಕಿಟಕಿಗೆ ಹಲಗೆ ಬಡಿದ.

ಯಂತ್ರದಿಂದ ನನಗೆ ಬಿಡುಗಡೆ ಸಿಗಲಿಲ್ಲ. ದಿನಾ ಬಂದು ಅದು ಮಾಸಿದೆಯೋ ಇಲ್ಲವೋ ನೋಡಿ ಹೇಳಬೇಕು ಎಂದಿದ್ದಾನೆ. ನಿನ್ನೆ ಹೋದೆ, ಇವತ್ತೂ ಹೋಗಿದ್ದೆ. ಇದೆ. ಕಾರೂ ಇದೆ.

ಲ್ಯಾಬಿನಲ್ಲಿ ನಿನ್ನ ಆ ಮೇಪಲ್ ತುಂಡುಗಳು ಇನ್ನೂ ಉಳಿದಿದ್ದರೆ ಒಂದಕ್ಕೆ ಅರಿಶಿನ ಹಚ್ಚಿ ಡ್ರಾಯರಿನೊಳಗೆ ಇಟ್ಟು ನೋಡು. ಪೂರ್ತಿ ಕತ್ತಲೆಯಲ್ಲಿಟ್ಟರೂ ಅದು ಮಾಸುತ್ತದೆಯೇ ಅಕ್ಕ? ಬೇಗ ಬರಿ.

ನಿನ್ನ ತಮ್ಮ,
ಹಯವದನ